‘ದೇವರ ಕರೆ ಮೊದಲು’ ಅಂದರೆ ಏನು? ಕೆಲಸ, ಕನಸು ಎಲ್ಲ ಬಿಡಬೇಕಾ?

ಒಳ್ಳೆ ಸಂಬಳದ ಕೆಲಸದಲ್ಲಿರುವ ಮಗ ಒಂದು ದಿನ "ನನಗೆ ದೇವರ ಕರೆ ಬಂದಿದೆ, ಸೇವೆಗೆ ಹೋಗುತ್ತೇನೆ" ಎನ್ನುತ್ತಾನೆ. ಮನೆಯಲ್ಲಿ ಒಬ್ಬರು ಅಳುತ್ತಾರೆ, ಇನ್ನೊಬ್ಬರು ಸ್ತೋತ್ರ ಹೇಳುತ್ತಾರೆ, ಮತ್ತೊಬ್ಬರು ಪಾಸ್ಟರಿಗೆ ಫೋನ್ ಮಾಡುತ್ತಾರೆ. ಕೈಗೆ ಬಂದ ಬಡ್ತಿಯನ್ನು ಮಗಳು ಬೇಡ ಅಂದಾಗಲೂ ಇದೇ ಗಲಿಬಿಲಿ. "ಲೋಕದ ಆಸೆ ಬಿಟ್ಟು ದೇವರ ಕರೆಗೆ ಮೊದಲ ಸ್ಥಾನ ಕೊಡು" ಎಂಬ ಮಾತನ್ನು ಭಾನುವಾರದ ಪ್ರಸಂಗದಲ್ಲಿ ಎಷ್ಟೋ ಸಲ ಕೇಳಿದವರಿಗೂ, ಅದು ತಮ್ಮ ಮನೆಗೇ ಬಂದಾಗ ಏನು ಮಾಡಬೇಕೆಂದು ತೋಚುವುದಿಲ್ಲ. ಕ್ರೈಸ್ತರಲ್ಲದ ಬಂಧುಗಳಿಗೆ, ಗೆಳೆಯರಿಗೆ ಇದು ಇನ್ನೂ ಒಗಟು. ಕರೆ ಅಂದರೆ ಏನು? ಯಾರಿಗೆ ಬರುತ್ತದೆ? ಅದಕ್ಕೂ ದುಡಿಮೆಗೂ ಜಗಳವೇ ಇದೆಯಾ? ಬೈಬಲ್ ಮತ್ತು ಸಭೆಯ (ಅಂದರೆ ಚರ್ಚಿನ) ಇತಿಹಾಸ ಇದರ ಬಗ್ಗೆ ಏನು ಹೇಳುತ್ತವೆ ಎಂದು ಬುಡದಿಂದ ನೋಡೋಣ.

ಮೊದಲ ಕರೆ ಎಲ್ಲರಿಗೂ

'ಕರೆ' ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಪಾಸ್ಟರು, ಫಾದರು, ಸಿಸ್ಟರು, ಮಿಷನರಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಮಾತು ಅದಕ್ಕಿಂತ ಅಗಲವಾಗಿದೆ. ಊರೂರು ಸುತ್ತಿ ಕ್ರಿಸ್ತನನ್ನು ಸಾರಿದ ಪೌಲನು ಸಭೆಗಳಿಗೆ ಬರೆದ ಪತ್ರಗಳಲ್ಲಿ 'ಕರೆಯಲ್ಪಟ್ಟವರು' ಎಂದು ಹೇಳುವುದು ಸಾಮಾನ್ಯ ವಿಶ್ವಾಸಿಗಳನ್ನು. ಅವರಲ್ಲಿ ಗುಲಾಮರಿದ್ದರು, ವ್ಯಾಪಾರಿಗಳಿದ್ದರು, ಮನೆವಾರ್ತೆ ನಡೆಸುವ ಹೆಂಗಸರಿದ್ದರು. ಕ್ರಿಸ್ತನನ್ನು ನಂಬಿ ಅವನ ಹಿಂದೆ ಬಾ, ಅವನಂತೆ ಬದುಕು ಎನ್ನುವುದೇ ಎಲ್ಲರಿಗೂ ಬಂದಿರುವ ಮೊದಲ ಕರೆ. ಇದಕ್ಕೆ ಓದು, ವಯಸ್ಸು, ಕೆಲಸ ಯಾವುದೂ ಅಡ್ಡಿಯಲ್ಲ.

ಇದರ ಒಳಗೆ ಇನ್ನೊಂದು ಕರೆ ಇದೆ. ಒಬ್ಬೊಬ್ಬರಿಗೆ ಒಂದೊಂದು ಜಾಗ, ಒಂದೊಂದು ಹೊಣೆ. ಯೇಸುವಿನ ಶಿಷ್ಯ ಪೇತ್ರನಿಗೆ ಒಂದು, ಪೌಲನಿಗೆ ಇನ್ನೊಂದು. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲ ಎಂಬವನನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸುತ್ತಾನೆ. ಅವನು ಮಾಡಬೇಕಾದ ಕೆಲಸ ಚಿನ್ನ, ಬೆಳ್ಳಿ, ತಾಮ್ರದ ಕುಸುರಿ, ಮರಗೆಲಸ, ರತ್ನ ಕೆತ್ತುವುದು. ಕೈಕೆಲಸ ಮಾಡುವವನಿಗೂ ದೇವರ ಆತ್ಮ ಬೇಕು ಎಂದು ಬೈಬಲ್ ಅಷ್ಟು ಹಿಂದೆಯೇ ಹೇಳಿದೆ. ಇದು ಪ್ರಸಂಗಗಳಲ್ಲಿ ಕೇಳಿಸುವುದು ಕಡಿಮೆ, ಅಲ್ವಾ?

ಈ ಎರಡು ಕರೆಗಳಲ್ಲಿ ಯಾವುದು ಮುಂದು ಎನ್ನುವುದು ಮುಖ್ಯ. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿಕೊಂಡದ್ದನ್ನು, ಯೇಸುವಿನ ಚರಿತ್ರೆ ಬರೆದವರಲ್ಲಿ ಒಬ್ಬನಾದ ಮಾರ್ಕನು ಹೇಳುವಾಗ ಎರಡು ಕಾರಣ ಕೊಡುತ್ತಾನೆ. ಅವರು ತನ್ನ ಸಂಗಡ ಇರಬೇಕು, ಆಮೇಲೆ ಸಾರುವುದಕ್ಕೆ ಹೋಗಬೇಕು. 'ಸಂಗಡ ಇರುವುದು' ಮೊದಲು ಬಂದಿದೆ, ಕೆಲಸ ಎರಡನೆಯದು. ಈ ಸಾಲು ಮರೆತುಹೋದಾಗಲೇ ದೇವರ ಸೇವೆ ಎಂಬುದು ಇನ್ನೊಂದು ವೃತ್ತಿಯಾಗಿಬಿಡುತ್ತದೆ. ಜನ ಎಷ್ಟು ಸೇರಿದರು, ಹೆಸರು ಎಷ್ಟು ದೂರ ಹಬ್ಬಿತು ಎಂಬ ಲೆಕ್ಕ ಅಲ್ಲೂ ಶುರುವಾಗುತ್ತದೆ.

ಆಸೆ ಪಡುವುದೇ ತಪ್ಪಾ?

ತಪ್ಪಲ್ಲ. ಬೈಬಲಿನಲ್ಲಿ ಹಾಗೆ ಎಲ್ಲೂ ಹೇಳಿಲ್ಲ. ಸಭೆಯ ಮೇಲ್ವಿಚಾರಕನಾಗಲು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಎಂದು ಪೌಲನು ತಿಮೊಥೆಯನಿಗೆ ಬರೆಯುತ್ತಾನೆ. ಕ್ರಿಸ್ತನ ಹೆಸರು ಕೇಳದ ಕಡೆ ಸುವಾರ್ತೆ ಸಾರಬೇಕೆಂಬುದು ತನ್ನ ಛಲ ಎಂದು ರೋಮಾಪುರದವರಿಗೆ ತಿಳಿಸುತ್ತಾನೆ. ಥೆಸಲೋನಿಕದವರಿಗೆ, ನೆಮ್ಮದಿಯಾಗಿ ಬಾಳುವುದನ್ನು, ಸ್ವಂತ ಕೈಯಿಂದ ದುಡಿಯುವುದನ್ನು ಗುರಿ ಮಾಡಿಕೊಳ್ಳಿ ಎನ್ನುತ್ತಾನೆ. ಅಂದರೆ ಗುರಿ ಇರಲಿ, ಹಟವೂ ಇರಲಿ. ಯಾವುದಕ್ಕೆ, ಯಾರಿಗೋಸ್ಕರ ಎನ್ನುವುದು ಪ್ರಶ್ನೆ.

ಇದು ಸ್ಪಷ್ಟವಾಗಿ ಕಾಣುವುದು ಆದಿಕಾಂಡದಲ್ಲಿ ಬೆನ್ನುಬೆನ್ನಿಗೆ ಬರುವ ಎರಡು ಕಥೆಗಳಲ್ಲಿ. 11ನೇ ಅಧ್ಯಾಯದಲ್ಲಿ ಜನ ಬಾಬೆಲಿನಲ್ಲಿ ಗೋಪುರ ಕಟ್ಟಲು ಹೊರಡುತ್ತಾರೆ. ಅವರ ಕಾರಣ: ನಾವೇ ನಮಗೆ ಹೆಸರು ಮಾಡಿಕೊಳ್ಳೋಣ. ಅದು ಅರ್ಧಕ್ಕೇ ನಿಲ್ಲುತ್ತದೆ. ಪುಟ ತಿರುಗಿಸಿದರೆ 12ನೇ ಅಧ್ಯಾಯ. ಅಲ್ಲಿ ದೇವರು ಅಬ್ರಾಮನಿಗೆ, ನಿನ್ನ ಹೆಸರನ್ನು ನಾನು ದೊಡ್ಡದು ಮಾಡುತ್ತೇನೆ ಎನ್ನುತ್ತಾನೆ. ಎರಡೂ ಕಡೆ ವಿಷಯ ಒಂದೇ, ದೊಡ್ಡ ಹೆಸರು. ಒಂದು ಕಡೆ ಮನುಷ್ಯ ಅದನ್ನು ತಾನೇ ಕಟ್ಟಿಕೊಳ್ಳಲು ನೋಡಿದ. ಇನ್ನೊಂದು ಕಡೆ ಅದು ದೇವರ ಕೈಯಿಂದ ಬಂತು, ಜೊತೆಗೆ ಒಂದು ಹೊಣೆಯೂ ಬಂತು. ಭೂಮಿಯ ಎಲ್ಲ ಕುಲಗಳಿಗೂ ಅವನಿಂದ ಆಶೀರ್ವಾದ ಸಿಗಬೇಕಿತ್ತು. ಅಬ್ರಾಮನಿಗೆ ಹೋಗಬೇಕಾದ ಊರಿನ ಹೆಸರನ್ನೂ ಹೇಳಿರಲಿಲ್ಲ. ನಾನು ತೋರಿಸುವ ದೇಶಕ್ಕೆ ಹೋಗು ಎಂದಷ್ಟೇ.

ಹಾಗಾದರೆ 'ಲೌಕಿಕ' ಆಸೆ ಯಾವುದು? ಲೂಕನ 12ನೇ ಅಧ್ಯಾಯದಲ್ಲಿ ಯೇಸು ಹೇಳುವ ಐಶ್ವರ್ಯವಂತನ ಸಾಮ್ಯಕಥೆ ಇದಕ್ಕೆ ಒಳ್ಳೆ ಉತ್ತರ. ಅವನ ಹೊಲ ಚೆನ್ನಾಗಿ ಬೆಳೆಯಿತು. ಅವನು ಯಾರ ಹತ್ತಿರವೂ ಕದಿಯಲಿಲ್ಲ, ಮೋಸ ಮಾಡಲಿಲ್ಲ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು ಎಂದು ಲೆಕ್ಕ ಹಾಕಿ, ಇನ್ನು ವಿಶ್ರಮಿಸಿಕೋ, ತಿನ್ನು, ಕುಡಿ ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತಿನಲ್ಲಿ ದೇವರಿಲ್ಲ, ನೆರೆಯವನಿಲ್ಲ. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು. ತಪ್ಪು ಬೆಳೆಯಲ್ಲಿ ಇರಲಿಲ್ಲ. ತಾನೊಬ್ಬನೇ ತುಂಬಿಕೊಂಡಿದ್ದ ಆ ಲೆಕ್ಕದಲ್ಲಿ ಇತ್ತು. ದುಡ್ಡು, ಹುದ್ದೆ, ಮೆಚ್ಚುಗೆ ಇವೇ ಬದುಕಿನ ಅಳತೆಗೋಲಾದಾಗ ಆಸೆ ಲೌಕಿಕವಾಗುತ್ತದೆ.

ಶಿಷ್ಯರೂ ಇದರಿಂದ ಹೊರತಾಗಿರಲಿಲ್ಲ. ಯಾಕೋಬ, ಯೋಹಾನ ಇಬ್ಬರೂ ಯೇಸುವಿನ ಬಲಗಡೆ, ಎಡಗಡೆ ಕೂರಲು ಜಾಗ ಕೇಳಿದರು. ಉಳಿದ ಹತ್ತು ಮಂದಿಗೆ ಸಿಟ್ಟು ಬಂತು. ಯೇಸು ಏನು ಮಾಡಿದ ನೋಡಿ. ದೊಡ್ಡವರಾಗಬೇಡಿ ಎಂದು ಹೇಳಲಿಲ್ಲ. ನಿಮ್ಮಲ್ಲಿ ದೊಡ್ಡವನಾಗಬೇಕು ಅನ್ನುವವನು ಸೇವಕನಾಗಿರಲಿ ಎಂದ. ಏರುವ ಏಣಿಯನ್ನು ಕಿತ್ತು ಹಾಕದೆ ಅದರ ದಿಕ್ಕನ್ನೇ ತಿರುಗಿಸಿಬಿಟ್ಟ.

'ಮೊದಲು' ಎಂಬ ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಈ ವಿಷಯಕ್ಕೆ ಎಲ್ಲರೂ ಹಿಡಿಯುವ ವಾಕ್ಯ ಮತ್ತಾಯ 6:33. "ಮೊದಲು ದೇವರ ರಾಜ್ಯಕ್ಕಾಗಿಯೂ ನೀತಿಗಾಗಿಯೂ ತವಕಪಡಿರಿ." ಇದನ್ನು ಗೋಡೆಗೆ ತೂಗುಹಾಕುವ ಮುಂಚೆ ಅದರ ಹಿಂದಿನ ಸಾಲುಗಳನ್ನು ಓದಬೇಕು. ಏನು ಊಟ ಮಾಡೋಣ, ಏನು ಉಟ್ಟುಕೊಳ್ಳೋಣ ಎಂದು ಚಿಂತಿಸುವವರಿಗೆ ಯೇಸು ಈ ಮಾತು ಹೇಳುತ್ತಿದ್ದಾನೆ. ಇದು ಶ್ರೀಮಂತರ ದುರಾಸೆಗೆ ಮಾತ್ರ ಕೊಟ್ಟ ಏಟಲ್ಲ, ನಾಳೆಯ ಭಯದಲ್ಲಿ ನಿದ್ದೆಗೆಟ್ಟವರಿಗೆ ಹೇಳಿದ ಸಮಾಧಾನವೂ ಹೌದು. ನಿಮಗೆ ಇವೆಲ್ಲ ಬೇಕು ಎಂದು ನಿಮ್ಮ ತಂದೆಗೆ ಗೊತ್ತಿದೆ ಎಂದು ಅದೇ ಜಾಗದಲ್ಲಿ ಇದೆ. ಎಷ್ಟೋ ಜನರ ಓಟದ ಹಿಂದೆ ಇರುವುದು ಆಸೆಗಿಂತ ಜಾಸ್ತಿ ಅಂಜಿಕೆ. ಕೆಲಸ ಹೋದರೆ? ಮಕ್ಕಳ ಫೀಸು? ಮುಪ್ಪಿನಲ್ಲಿ ಯಾರು? ಈ ಅಂಜಿಕೆಯನ್ನು ಮುಟ್ಟದೆ 'ಆಸೆ ಬಿಡಿ' ಎಂದು ಸುಮ್ನೆ ಗದರಿಸಿದರೆ ಅದು ಯೇಸುವಿನ ಧಾಟಿಯಾಗುವುದಿಲ್ಲ.

ಇನ್ನು 'ಮೊದಲು'. ಇದನ್ನು ಗಂಟೆಗಳ ಲೆಕ್ಕವಾಗಿ ತೆಗೆದುಕೊಂಡು, ದಿನದ ಹೆಚ್ಚು ಹೊತ್ತು ಸಭೆಯ ಕೆಲಸದಲ್ಲಿ ಕಳೆಯಬೇಕು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹಾಡುವವರು ಕೂತ ಕೂಡಲೇ ಶ್ರುತಿ ಸೇರಿಸುತ್ತಾರೆ. ಆಮೇಲೆ ಹೊತ್ತೆಲ್ಲ ಶ್ರುತಿಯನ್ನೇ ಹಾಡುತ್ತಾ ಕೂರುವುದಿಲ್ಲ. ರಾಗ ಬದಲಾಗುತ್ತದೆ, ತಾಳ ಬದಲಾಗುತ್ತದೆ, ಆದರೆ ಬಾಯಿಂದ ಬರುವ ಪ್ರತಿ ಸ್ವರವೂ ಅದೇ ಶ್ರುತಿಗೆ ಹೊಂದಬೇಕು. ದೇವರ ಕರೆ ಮೊದಲು ಎನ್ನುವುದು ಈ ರೀತಿಯ 'ಮೊದಲು'. ಲೆಕ್ಕ ಬರೆಯುವುದು, ಪಾಠ ಹೇಳುವುದು, ಮಗುವಿಗೆ ಸ್ನಾನ ಮಾಡಿಸುವುದು, ಕಂಪನಿ ನಡೆಸುವುದು ಎಲ್ಲವೂ ನಡೆಯುತ್ತವೆ, ಅದಕ್ಕೆ ಹೊಂದಿಕೊಂಡು.

ಹೊಂದದೆ ಹೋದಾಗ ಏನು ಮಾಡುತ್ತೇವೆ ಎನ್ನುವುದೇ ಪರೀಕ್ಷೆ. ಬಡ್ತಿ ಬೇಕಾದರೆ ಸುಳ್ಳು ಬಿಲ್ಲಿಗೆ ಸಹಿ ಹಾಕಬೇಕು. ವ್ಯಾಪಾರ ಬೆಳೆಯಬೇಕಾದರೆ ಕೆಲಸದವರ ಕೂಲಿ ಕಡಿಯಬೇಕು. ದೊಡ್ಡ ಹುದ್ದೆ ಸಿಗುತ್ತದೆ, ಆದರೆ ಮನೆಯವರ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ಇಂಥ ಕಡೆ ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ? ಯಾರೂ ಇಬ್ಬರು ಯಜಮಾನರ ಸೇವೆ ಮಾಡಲಾರರು ಎಂದು ಯೇಸು ಹೇಳಿದ್ದು ಇದನ್ನೇ. ಇಬ್ಬರು ಯಜಮಾನರೂ ಒಂದೇ ಮಾತು ಹೇಳುವವರೆಗೆ ನಾವು ಯಾರ ಆಳು ಎಂದು ನಮಗೇ ಗೊತ್ತಾಗುವುದಿಲ್ಲ.

ಹಾಗಾದರೆ ಕೆಲಸ ಬಿಡಬೇಕಾ?

ಬೈಬಲಿನಲ್ಲಿ ಎರಡೂ ಉತ್ತರ ಇವೆ. ಇದನ್ನು ಒಪ್ಪಿಕೊಳ್ಳದೆ ಒಂದೇ ಕಡೆ ಎಳೆಯುವುದರಿಂದಲೇ ಎಷ್ಟೋ ಮನೆಗಳಲ್ಲಿ ನೋವಾಗಿದೆ.

ಬಿಟ್ಟವರು ಇದ್ದಾರೆ. ಎಲೀಷ ಹನ್ನೆರಡು ಜೊತೆ ಎತ್ತುಗಳಿಂದ ಹೊಲ ಉಳುತ್ತಿದ್ದಾಗ ಪ್ರವಾದಿ ಎಲೀಯನು ಬಂದು ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿದ. ಎಲೀಷ ಒಂದು ಜೊತೆ ಎತ್ತು ಕೊಯ್ದು, ನೊಗದ ಮರದಿಂದಲೇ ಬೇಯಿಸಿ, ಜನರಿಗೆ ಊಟ ಹಾಕಿ ಹೊರಟುಬಿಟ್ಟ. ವಾಪಸ್ ಬರುವ ದಾರಿಯನ್ನೇ ಉರಿಸಿದ ಹಾಗೆ. ಪೇತ್ರನ ಕಥೆ ಇನ್ನೂ ಸೋಜಿಗ. ಲೂಕನ ಪ್ರಕಾರ ಅವನು ಬಲೆ ಬಿಟ್ಟದ್ದು ಮೀನು ಸಿಗದ ದಿನ ಅಲ್ಲ. ರಾತ್ರಿಯೆಲ್ಲ ಬರಿಗೈ, ಬೆಳಿಗ್ಗೆ ಯೇಸುವಿನ ಮಾತಿನಂತೆ ಬಲೆ ಬೀಸಿದರೆ ಎರಡು ದೋಣಿ ಮುಳುಗುವಷ್ಟು ಮೀನು. ಆ ಮೀನನ್ನು ದಡದಲ್ಲಿ ಬಿಟ್ಟು ಅವನು ಹಿಂದೆ ಹೋದ. ಕೆಲಸ ಕೈ ಹಿಡಿದ ಹೊತ್ತಿನಲ್ಲೇ ಬಿಟ್ಟ ಅನ್ನುವುದನ್ನು ಗಮನಿಸಬೇಕು.

ಉಳಿದವರೂ ಇದ್ದಾರೆ, ಅವರೇ ಜಾಸ್ತಿ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಎಂದಾಗ, ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ. ಸಿಪಾಯಿಗಳಿಗೆ, ಬೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳ ಸಾಕೆನ್ನಿ ಎಂದ. ಇಬ್ಬರಿಗೂ ಉದ್ಯೋಗ ಬಿಡಿ ಎನ್ನಲಿಲ್ಲ. ಸುಂಕದವರ ಮುಖ್ಯಸ್ಥ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಎಂದ. ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದ. ಯೇಸು ಅಷ್ಟಕ್ಕೇ ಈ ಮನೆಗೆ ರಕ್ಷಣೆ ಬಂತು ಎಂದ. ಇನ್ನೊಬ್ಬ ಶ್ರೀಮಂತ ಯುವಕನಿಗೆ ಮಾತ್ರ ಎಲ್ಲ ಮಾರಿ ಬಾ ಎಂದ. ಯಾಕೆ ಈ ವ್ಯತ್ಯಾಸ? ಆ ಯುವಕನನ್ನು ಹಿಡಿದಿಟ್ಟ ಗಂಟು ಅವನ ಆಸ್ತಿಯಲ್ಲೇ ಇತ್ತು. ಅವನು ಮೋರೆ ಸಪ್ಪಗೆ ಮಾಡಿಕೊಂಡು ಹೋದದ್ದೇ ಅದಕ್ಕೆ ಸಾಕ್ಷಿ. ಮಾರ್ಕನು ಅಲ್ಲಿ ಒಂದು ಚಿಕ್ಕ ಮಾತು ಸೇರಿಸಿದ್ದಾನೆ: ಯೇಸು ಅವನನ್ನು ನೋಡಿ ಪ್ರೀತಿಸಿದ. ಕೇಳಿದ್ದು ದೊಡ್ಡದು, ಕೇಳಿದ್ದು ಪ್ರೀತಿಯಿಂದ.

ದೆವ್ವ ಹಿಡಿದು ಗುಣವಾದ ಗೆರಸೇನರ ಮನುಷ್ಯನದ್ದು ತಿರುಗುಮುರುಗು ಕಥೆ. ಅವನು ತಾನಾಗಿಯೇ ಯೇಸುವಿನ ಸಂಗಡ ಬರುತ್ತೇನೆ ಎಂದು ಬೇಡಿಕೊಂಡ. ಯೇಸು ಬೇಡ ಎಂದು, ನಿನ್ನ ಮನೆಗೆ, ನಿನ್ನ ಜನರ ಹತ್ತಿರ ಹೋಗು ಎಂದ. ಅವನ ಕರೆ ಮನೆಯಲ್ಲೇ ಇತ್ತು.

ಪೌಲ ಅಪೊಸ್ತಲನಾದ (ಕ್ರಿಸ್ತನು ಕಳಿಸಿದ ಸಾರುವವನಾದ) ಮೇಲೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಡೇರೆ ಮಾಡುವ ಕಸುಬು ನಡೆಸಿದ. ಫಿಲಿಪ್ಪಿಯಲ್ಲಿ ಸಭೆಗೆ ಮನೆ ತೆರೆದ ಲುದ್ಯ ಧೂಮ್ರವರ್ಣದ ಬಟ್ಟೆ ಮಾರುವ ವ್ಯಾಪಾರಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲ, ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದಿರೋ ಅದರಲ್ಲೇ ದೇವರ ಮುಂದೆ ಇರಿ ಎನ್ನುತ್ತಾನೆ. ಗುಲಾಮನಿಗೆ ಬಿಡುಗಡೆ ಸಿಕ್ಕರೆ ಬಳಸಿಕೋ ಎಂದೂ ಅಲ್ಲೇ ಹೇಳುತ್ತಾನೆ. ಹಾಗಾಗಿ ಇದು ಅನ್ಯಾಯ ಸಹಿಸಿಕೊಂಡು ಬಿದ್ದಿರು ಎಂಬ ಮಾತಾಗಲಾರದು.

ಇತಿಹಾಸದಿಂದ ಇಬ್ಬರನ್ನು ನೋಡಿ. ವಿಲಿಯಂ ವಿಲ್ಬರ್‌ಫೋರ್ಸ್ 1780ರಲ್ಲಿ, 21ನೇ ವಯಸ್ಸಿಗೇ ಬ್ರಿಟಿಷ್ ಸಂಸತ್ತಿಗೆ ಆರಿಸಿ ಬಂದವರು. 1785ರಲ್ಲಿ ಅವರ ನಂಬಿಕೆ ಆಳವಾದಾಗ ರಾಜಕೀಯ ಬಿಡಬೇಕೇನೋ ಎಂಬ ತಳಮಳ ಶುರುವಾಯಿತು. ಅವರು ಹೋಗಿ ಕೇಳಿದ್ದು ಜಾನ್ ನ್ಯೂಟನ್ ಎಂಬ ಪಾದ್ರಿಯನ್ನು. ಈ ನ್ಯೂಟನ್ ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದವರು. ನ್ಯೂಟನ್ ಸಂಸತ್ತಿನಲ್ಲೇ ಇರಿ ಎಂದು ಬುದ್ಧಿ ಹೇಳಿದರು. ವಿಲ್ಬರ್‌ಫೋರ್ಸ್ ಉಳಿದರು, ಗುಲಾಮರ ವ್ಯಾಪಾರದ ವಿರುದ್ಧ ವರ್ಷಗಟ್ಟಲೆ ಸೋಲುತ್ತಾ ಹೋರಾಡಿದರು. 1807ರಲ್ಲಿ ಆ ವ್ಯಾಪಾರ ಕಾನೂನಿನಿಂದ ನಿಂತಿತು. 1833ರ ಜುಲೈನಲ್ಲಿ ಗುಲಾಮಗಿರಿಯನ್ನೇ ತೆಗೆಯುವ ಮಸೂದೆ ಪಾಸಾಗುವುದು ಖಚಿತ ಎಂಬ ಸುದ್ದಿ ಕೇಳಿದ ಮೂರು ದಿನಕ್ಕೆ ಅವರು ತೀರಿಕೊಂಡರು. 'ಪೂರ್ಣಾವಧಿ ಸೇವೆ'ಗೆ ಅವರು ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗಾಗ ಅನಿಸುತ್ತದೆ.

ಐಡಾ ಸ್ಕಡರ್ ಅವರದ್ದು ಇನ್ನೊಂದು ದಿಕ್ಕು. ಮಿಷನರಿ ಕುಟುಂಬದಲ್ಲಿ 1870ರಲ್ಲಿ ಹುಟ್ಟಿದ ಅವರಿಗೆ ಆ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ ಅಲ್ಲೇ ನೆಲೆಸುವ ಆಸೆ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಭಾರತಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಹೆಂಡತಿಗೆ ಸಹಾಯ ಮಾಡಿ ಎಂದರು. ಐಡಾಗೆ ವೈದ್ಯ ವಿದ್ಯೆ ಗೊತ್ತಿರಲಿಲ್ಲ. ಡಾಕ್ಟರ್ ಆಗಿದ್ದ ಅವರ ತಂದೆ ಗಂಡಸು ಎಂಬ ಕಾರಣಕ್ಕೆ ಬಂದವರು ಒಪ್ಪಲಿಲ್ಲ. ಮೂವರು ಹೆಂಗಸರೂ ತೀರಿಕೊಂಡರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1899ರಲ್ಲಿ ಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಇವತ್ತಿನ ವೆಲ್ಲೂರು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೆಳೆದದ್ದು ಅದರಿಂದ. ತಾನು ಹಾಕಿಕೊಂಡಿದ್ದ ಯೋಜನೆಯನ್ನು ಅವರು ಬಿಟ್ಟರು. ಅದಕ್ಕೆ ಕಾರಣವಾದದ್ದು ಕಣ್ಣೆದುರಿನ ಮೂರು ಸಾವು.

ಸಭೆ ಇದನ್ನು ಹೇಗೆ ನೋಡುತ್ತಾ ಬಂದಿದೆ?

3ನೇ ಶತಮಾನದ ಈಜಿಪ್ಟಿನಲ್ಲಿ ಅಂತೋಣಿ ಎಂಬ ಯುವಕ, ಆ ಶ್ರೀಮಂತ ಯುವಕನ ಕಥೆಯನ್ನು ಆರಾಧನೆಯಲ್ಲಿ ಕೇಳಿ ಹೊಲ ಕೊಟ್ಟುಬಿಟ್ಟು ಮರುಭೂಮಿ ಸೇರಿದ. ಅವನ ಹಿಂದೆ ಸಾವಿರಾರು ಜನ ಹೋದರು. ಮುಂದೆ ಶತಮಾನಗಳ ಕಾಲ ಯುರೋಪಿನಲ್ಲಿ 'ಕರೆ ಬಂದವರು' ಎಂದರೆ ಹೆಚ್ಚಾಗಿ ಮಠ ಸೇರಿದವರು, ಗುರುಗಳು ಎಂದೇ ಆಯಿತು. ಉಳಿದವರು ಎರಡನೇ ದರ್ಜೆ ಎಂಬ ಭಾವನೆ ಬೆಳೆಯಿತು.

1505ರಲ್ಲಿ ತಂದೆಯ ಮಾತು ಮೀರಿ ಮಠ ಸೇರಿದ್ದ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್, 1520ರ ನಂತರ ಇದನ್ನು ಬಲವಾಗಿ ಎದುರಿಸಿದ. ಮಗುವಿನ ಮಲದ ಬಟ್ಟೆ ಒಗೆಯುವ ಅಪ್ಪ ಅದನ್ನು ನಂಬಿಕೆಯಿಂದ ಮಾಡಿದರೆ ದೇವರು ಮೆಚ್ಚುತ್ತಾನೆ ಎಂದು 1522ರಲ್ಲಿ ಬರೆದ. ಕಥೋಲಿಕ ಸಭೆಯೂ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1964ರ ತನ್ನ ದಾಖಲೆಯಲ್ಲಿ, ಯಾವ ಸ್ಥಿತಿಯ ಕ್ರೈಸ್ತನಿಗೂ ಪಾವಿತ್ರ್ಯಕ್ಕೆ ಕರೆ ಇದೆ ಎಂದು ಸ್ಪಷ್ಟವಾಗಿ ಹೇಳಿತು. ಗುರುಪಟ್ಟ, ಸನ್ಯಾಸ ಇವುಗಳ ವಿಶೇಷ ಕರೆಯನ್ನು ಅದು ಕೈಬಿಡಲಿಲ್ಲ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. 'ನನ್ನ ಕೆಲಸವೇ ನನ್ನ ಕರೆ' ಎಂದು ಹೇಳಿಕೊಂಡು ನಮ್ಮ ಮಹತ್ವಾಕಾಂಕ್ಷೆಗೆ ದೇವರ ಮುದ್ರೆ ಒತ್ತಿಬಿಡುವುದು ಬಹಳ ಸುಲಭ.

ಕರೆ ನಿಜವೇ ಎಂದು ತಿಳಿಯುವುದು ಹೇಗೆ?

ಸಮುವೇಲನಿಗೆ ಮೊದಲು ಕರೆ ಬಂದಾಗ ಅದು ಯಾರದ್ದೆಂದೇ ತಿಳಿಯಲಿಲ್ಲ. ಮೂರು ಸಲವೂ ಯಾಜಕನಾದ ಏಲಿ ಕರೆದನೆಂದು ಎದ್ದು ಓಡಿದ. ಇದು ದೇವರ ಧ್ವನಿ ಎಂದು ಹೇಳಿಕೊಟ್ಟವನು ಆ ಮುದುಕ ಏಲಿ. ಅಂದರೆ ಕರೆ ಒಬ್ಬನಿಗೇ ಬಂದರೂ ಅದನ್ನು ಗುರುತಿಸುವುದು ಒಬ್ಬನ ಕೆಲಸವಲ್ಲ. ಅಂತಿಯೋಕ್ಯದಲ್ಲಿ ಪೌಲ, ಬಾರ್ನಬ ಇಬ್ಬರನ್ನು ಕಳಿಸುವ ಮುಂಚೆ ಇಡೀ ಸಭೆ ಉಪವಾಸವಿದ್ದು, ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟಿತು. 'ದೇವರು ನನಗೆ ಹೇಳಿದ್ದಾನೆ, ಯಾರೂ ಪ್ರಶ್ನೆ ಕೇಳಬಾರದು' ಎನ್ನುವ ಕರೆಯ ಬಗ್ಗೆ ಎಚ್ಚರ ಇರಲಿ. ಅದರಲ್ಲೂ, ನಿನಗೆ ಇಂಥ ಕರೆ ಇದೆ, ನಿನ್ನ ಆಸ್ತಿ ಕೊಟ್ಟುಬಿಡು ಎಂದು ಬೇರೊಬ್ಬರು ನಮಗೆ ಹೇಳತೊಡಗಿದರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಮುಂದೆ ಯೇಸುಸಭೆಯನ್ನು (ಜೆಸ್ಯೂಟ್ ಸಂಘವನ್ನು) ಕಟ್ಟಿದ ಇಗ್ನೇಷಿಯಸ್ ಲೊಯೋಲ ಈ ವಿಷಯದಲ್ಲಿ ಬಹಳ ಉಪಯೋಗಕ್ಕೆ ಬರುವ ಒಂದು ಸಂಗತಿ ಕಂಡುಕೊಂಡ. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ತಗಲಿ ಅವನ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿ ಎರಡು ಬಗೆಯ ಹಗಲುಗನಸು ಕಾಣುತ್ತಿದ್ದ. ಒಂದರಲ್ಲಿ ಅವನು ದೊಡ್ಡ ವೀರ, ಒಬ್ಬ ಕುಲೀನ ಹೆಂಗಸಿನ ಮೆಚ್ಚುಗೆಗೆ ಪಾತ್ರನಾದವನು. ಇನ್ನೊಂದರಲ್ಲಿ ಸಂತರ ಹಾಗೆ ದೇವರಿಗಾಗಿ ಬದುಕುವವನು. ಕಾಣುವಾಗ ಎರಡೂ ಖುಷಿ ಕೊಡುತ್ತಿದ್ದವು. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಆ ಕ್ಷಣದ ಉತ್ಸಾಹಕ್ಕಿಂತ, ಉತ್ಸಾಹ ಇಳಿದ ಮೇಲೆ ಏನು ಉಳಿಯುತ್ತದೆ ಎಂದು ನೋಡು ಎಂಬುದು ಅವನ ಬೋಧನೆಯ ಒಂದು ಮುಖ್ಯ ಎಳೆಯಾಯಿತು. ಕನ್ವೆನ್ಷನ್ ಕೂಟದ ಕೊನೆಯ ರಾತ್ರಿ, ಕಣ್ಣೀರಿನ ನಡುವೆ ಮಾಡಿದ ತೀರ್ಮಾನವನ್ನು ಆರು ತಿಂಗಳು ಬಿಟ್ಟು ಮತ್ತೆ ನೋಡಬೇಕು ಅನ್ನುವುದು ಇದಕ್ಕೇ. ಅಷ್ಟು ಹೊತ್ತು ಕಾದರೆ ನಿಜವಾದ ಕರೆ ಆರಿಹೋಗುವುದಿಲ್ಲ. ಪೌಲನೇ, ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಕ್ರಿಸ್ತನ ಕರೆ ಕೇಳಿದ ನಂತರ, ಯೆರೂಸಲೇಮಿಗೆ ಹೋಗಿ ಪೇತ್ರನನ್ನು ಕಂಡದ್ದು ಮೂರು ವರ್ಷ ಕಳೆದ ಮೇಲೆ. ಮೋಶೆ ಈಜಿಪ್ಟಿನ ಅರಸ ಫರೋಹನ ಮುಂದೆ ನಿಂತಾಗ ಅವನಿಗೆ 80 ವರ್ಷ.

ಇನ್ನೂ ಕೇಳಿಕೊಳ್ಳಬೇಕಾದದ್ದಿದೆ. ಇದು ಕರೆಯೋ, ಪಲಾಯನವೋ? ಪರೀಕ್ಷೆಯಲ್ಲಿ ಸೋತು, ಕೆಲಸದಲ್ಲಿ ಬೇಸತ್ತು, ಮನೆಯಲ್ಲಿ ಜಗಳವಾಡಿ ಹೊರಟಾಗ ಕರೆ ಕೇಳಿಸಿತಾದರೆ ನಿಂತು ಯೋಚಿಸಬೇಕು. ಇದು ನನ್ನನ್ನು ದೊಡ್ಡವನನ್ನಾಗಿ ತೋರಿಸುತ್ತದೋ, ಇನ್ನೊಬ್ಬರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೋ? ಅದಕ್ಕೆ ಬೇಕಾದ ವರ ನನ್ನಲ್ಲಿದೆ ಎಂದು ನನ್ನನ್ನು ಬಲ್ಲವರು ಒಪ್ಪುತ್ತಾರೋ?

ಅಪ್ಪ ಅಮ್ಮ, ಹೆಂಡತಿ ಮಕ್ಕಳು?

ತಂದೆತಾಯಿಯನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರ ಎಂಬ ಅರ್ಥದ ಮಾತು ಲೂಕ 14ರಲ್ಲಿದೆ. ಅದನ್ನು ಬಿಡಿಯಾಗಿ ಓದಿದರೆ ಎದೆ ಝಲ್ಲೆನ್ನುತ್ತದೆ. ಇದೇ ಮಾತನ್ನು ಮತ್ತಾಯನು, ನನಗಿಂತ ಹೆಚ್ಚಾಗಿ ತಂದೆತಾಯಿಯನ್ನು ಪ್ರೀತಿಸುವವನು ಎಂದು ಬಿಡಿಸಿ ಬರೆದಿದ್ದಾನೆ. ಪ್ರೀತಿಯ ಕ್ರಮ ಇಲ್ಲಿನ ವಿಷಯ, ದ್ವೇಷ ಅಲ್ಲ.

ಇದನ್ನು ಖಚಿತ ಮಾಡುವ ಇನ್ನೊಂದು ಸಂದರ್ಭ ಮಾರ್ಕ 7ರಲ್ಲಿದೆ. ಕೆಲವರು ತಮ್ಮ ಆಸ್ತಿಯನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಎಂದು ಹೇಳಿ, ತಂದೆತಾಯಿಗೆ ಕೊಡಬೇಕಾದ ಸಹಾಯ ತಪ್ಪಿಸುತ್ತಿದ್ದರು. ದೇವರ ಹೆಸರು ಹೇಳಿ ದೇವರ ಆಜ್ಞೆಯನ್ನೇ ಮೀರುತ್ತಿದ್ದೀರಿ ಎಂದು ಯೇಸು ಅವರನ್ನು ಬಯ್ದ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಪೌಲ ಬರೆದ. ಶಿಲುಬೆಯ ಮೇಲೆ ಉಸಿರು ಹೋಗುವ ಹೊತ್ತಿನಲ್ಲೂ ಯೇಸು ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದ. ಮರುಭೂಮಿಗೆ ಹೋದ ಅಂತೋಣಿಯೂ ಮೊದಲು ತಂಗಿಗೊಂದು ನೆಲೆ ನೋಡಿದ್ದ.

ಹಾಗಂತ ಮನೆಯವರು ಒಪ್ಪುವವರೆಗೆ ಏನೂ ಮಾಡಬಾರದು ಎಂದೂ ಇಲ್ಲ. ಸಾಲ, ವಯಸ್ಸಾದವರ ಔಷಧಿ, ಮಕ್ಕಳ ಓದು ಇವುಗಳಿಗೆ ದಾರಿ ಮಾಡಿ ಹೋಗುವುದು ಬೇರೆ, 'ಜನ ಏನೆನ್ನುತ್ತಾರೆ' ಎಂಬ ಅಂಜಿಕೆಗೆ ತಲೆ ಬಾಗುವುದು ಬೇರೆ. ಮೊದಲನೆಯದು ಹೊಣೆ. ಎರಡನೆಯದರಲ್ಲಿ ಲೌಕಿಕ ಆಸೆಯೇ ಮನೆಯವರ ವೇಷ ಹಾಕಿಕೊಂಡು ಬಂದಿರಬಹುದು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಕರೆ ಸ್ಪಷ್ಟವಾಗಿದ್ದರೆ ಇಬ್ಬರೂ ಸೇರಿ ಕಾಯುವುದೇ ಒಳ್ಳೆಯದು ಎಂದು ಅನುಭವಸ್ಥ ಸಭಾಪಾಲಕರು ಹೇಳುತ್ತಾರೆ. ಮದುವೆಯೂ ಒಂದು ಕರೆಯೇ.

ದೇವರನ್ನು ಮೊದಲು ಇಟ್ಟರೆ ಸಿರಿ ಬರುತ್ತದಾ?

ಹಾಗೆ ಬೋಧಿಸುವವರಿದ್ದಾರೆ. 'ಇವೆಲ್ಲವೂ ದೊರಕುವವು' ಎಂಬ ಭಾಗವನ್ನು ಅವರು ಕಾರು, ಬಂಗಲೆಗೆ ಹಿಗ್ಗಿಸುತ್ತಾರೆ. ಆ ಜಾಗದಲ್ಲಿ ಮಾತು ನಡೆಯುತ್ತಿದ್ದುದು ಊಟ, ಬಟ್ಟೆಯ ಬಗ್ಗೆ. ಎಲ್ಲ ಬಿಟ್ಟು ಬಂದಿದ್ದೇವೆ ಎಂದ ಪೇತ್ರನಿಗೆ ಯೇಸು ನೂರರಷ್ಟು ಮನೆ, ಅಣ್ಣತಮ್ಮಂದಿರು ಸಿಗುತ್ತಾರೆ ಎಂದ. ಅದೇ ಸಾಲಿನಲ್ಲಿ 'ಹಿಂಸೆಗಳ ಸಹಿತ' ಎಂದೂ ಇದೆ. ಸಿಕ್ಕಿದ್ದು ವಿಶ್ವಾಸಿಗಳ ದೊಡ್ಡ ಕುಟುಂಬ, ಬ್ಯಾಂಕಿನ ಬಡ್ಡಿ ಅಲ್ಲ. ಸಿರಿಗೋಸ್ಕರ ದೇವರನ್ನು ಮೊದಲು ಇಡುವುದಾದರೆ ಮೊದಲು ಇಟ್ಟದ್ದು ಸಿರಿಯನ್ನೇ.

ಬೆಲೆ ಇದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುವೇ ಕೇಳಿದ. ಪ್ರವಾದಿ ಯೆರೆಮೀಯನ ಬರಹಗಾರ ಬಾರೂಕನು ದಣಿದು ನರಳಿದಾಗ ದೇವರು ಅವನಿಗೆ, ನಿನಗಾಗಿ ದೊಡ್ಡ ದೊಡ್ಡದನ್ನು ಹುಡುಕುತ್ತಿದ್ದೀಯಾ, ಹುಡುಕಬೇಡ ಎಂದ. ಹೋದಲ್ಲೆಲ್ಲ ಪ್ರಾಣ ಉಳಿಸುತ್ತೇನೆ ಎಂಬ ಮಾತು ಕೊಟ್ಟ. ಅಷ್ಟೇ ಕೊಟ್ಟ. ಪೌಲನ ಜೊತೆಗಾರ ದೇಮ, ಈ ಲೋಕವನ್ನು ಪ್ರೀತಿಸಿ ಬಿಟ್ಟುಹೋದ. ಆ ಬಗ್ಗೆ ಪೌಲ ಬರೆದ ಒಂದು ಸಾಲಿನಲ್ಲಿ ಇವತ್ತಿಗೂ ನೋವು ಕಾಣುತ್ತದೆ.

ಕೆಲಸ ಹೋದರೆ, ಕಾಯಿಲೆ ಬಂದರೆ ಕರೆಯೂ ಹೋಗುತ್ತದಾ?

ಈ ಪ್ರಶ್ನೆ ಕೇಳುವವರು ತುಂಬ ಜನ, ಬಾಯಿಬಿಟ್ಟು ಕೇಳದವರು ಇನ್ನೂ ಜಾಸ್ತಿ. ನಿವೃತ್ತರಾದವರು, ಸೇವೆಯಲ್ಲಿ ಸೋತು ವಾಪಸ್ ಬಂದವರು, ಹಾಸಿಗೆ ಹಿಡಿದ ತಾಯಿಯ ಆರೈಕೆಗೆ ಓದು ಬಿಟ್ಟವರು. ಕರೆ ಅಂದರೆ ಒಂದು ಹುದ್ದೆ ಎಂದುಕೊಂಡಿದ್ದರೆ ಹುದ್ದೆಯ ಜೊತೆ ಅದೂ ಮುಗಿಯಿತು. ಮಾರ್ಕನ ಸಾಲನ್ನು ನೆನಪಿಟ್ಟುಕೊಂಡರೆ, ಮೊದಲ ಕರೆ ಕ್ರಿಸ್ತನ ಸಂಗಡ ಇರುವುದಕ್ಕೆ. ಅದನ್ನು ಯಾವ ಆಫೀಸೂ ಕೊಟ್ಟಿಲ್ಲ, ಯಾವ ಆಫೀಸೂ ಕಿತ್ತುಕೊಳ್ಳಲಾರದು.

ಪೌಲ ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಊರೂರು ಸುತ್ತಿ ಸಾರುವುದೇ ಅವನ ಕೆಲಸವಾಗಿತ್ತು, ಅದು ನಿಂತುಹೋಗಿತ್ತು. ಆ ಪತ್ರದ 3ನೇ ಅಧ್ಯಾಯದಲ್ಲಿ ಅವನು ತನ್ನ ಹಳೆಯ ಹೆಗ್ಗಳಿಕೆಗಳ ಪಟ್ಟಿ ಕೊಡುತ್ತಾನೆ. ಕುಲ, ವಂಶ, ಫರಿಸಾಯನೆಂಬ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನೆಂಬ) ಗೌರವ, ಧರ್ಮಶಾಸ್ತ್ರದಲ್ಲಿ ಕಳಂಕವಿಲ್ಲದ ನಡತೆ. ಕ್ರಿಸ್ತನನ್ನು ಅರಿತದ್ದರ ಮುಂದೆ ಇವೆಲ್ಲ ನಷ್ಟ ಎನ್ನುತ್ತಾನೆ. ಆಮೇಲೆ, ನಾನು ಇನ್ನೂ ಮುಟ್ಟಿಲ್ಲ, ಗುರಿಯ ಕಡೆಗೆ ಓಡುತ್ತಲೇ ಇದ್ದೇನೆ ಎಂದು ಬರೆಯುತ್ತಾನೆ. ಸೆರೆಯಲ್ಲಿದ್ದವನು ಬರೆದ ಮಾತು ಅದು. ಅಲ್ಲಿಂದಲೇ ಅರಮನೆಯ ಕಾವಲಿನವರಿಗೆಲ್ಲ ಕ್ರಿಸ್ತನ ಹೆಸರು ತಿಳಿಯಿತು ಎಂದು ಅದೇ ಪತ್ರದ ಮೊದಲ ಅಧ್ಯಾಯದಲ್ಲಿದೆ.